ಕೇಳಿದವರು

ಶಿಡ್ಲಘಟ್ಟದಲ್ಲಿ ಗೂಡು ಅಂದರೆ ಒಂದೇ ಗೂಡು:
ಮಾರುಕಟ್ಟೆಯಲ್ಲಿ ಹರಾಜಾಗಿ, ಕುದಿನೀರಿಗೆ ಬಿದ್ದು
ನೂಲಾಗಿ ಬಿಚ್ಚಿಕೊಳ್ಳುವುದು.
ಹಕ್ಕಿಗೂ ಗೂಡಿರುತ್ತದೆಂದು ನನಗೆ ತಿಳಿದದ್ದು
ಅಬ್ಬಾನ ರೀಲಿಂಗ್ ಶೆಡ್ಡಿನ ತೊಲೆಯ ಮೇಲೆ.
ಗುಬ್ಬಿಯೊಂದು ನಮ್ಮದೇ ರೇಷ್ಮೆಕಸ ಕದ್ದು
ಹಾಸಿಗೆ ಮಾಡಿಕೊಂಡಿತ್ತು.
ಕಿಲೋಗೆ ಇಷ್ಟು ಅಂತ ಅಬ್ಬಾ ಲೆಕ್ಕ ಹಾಕಿ ನಕ್ಕರು.
ಕೆಡವಲಿಲ್ಲ.

ಇಪ್ಪತ್ತೊಂಬತ್ತು ವರ್ಷ ಮಳೆಕಾಡುಗಳಲ್ಲಿ ಕೂತೆ.
ಜನ ಅಲೆದಾಟ ಅಂದುಕೊಳ್ಳುತ್ತಾರೆ; ಕೂತೆ ಅನ್ನುವುದೇ ಸರಿ.
ನಮ್ದಾಫಾದಲ್ಲಿ ಮಂಗಟ್ಟೆಯ ಪೊಟರೆಗೆ ಎದುರಾಗಿ
ನೂರಾ ಹನ್ನೊಂದು ದಿನ,
ಬಾಗಿಲು ಮೆತ್ತಿಕೊಂಡು ಒಳಗೆ ಕೂತ ಹೆಣ್ಣಿಗೆ
ಗಂಡು ಎಷ್ಟು ಹಣ್ಣು ತಂದಿತೆಂದು ಗೀಟು ಎಳೆಯುತ್ತ.
ಅಷ್ಟರಲ್ಲಿ ಊರಲ್ಲಿ ತಂಗಿಯ ನಿಕಾಹ್ ಆಯಿತು.
ಕರೆಯೋಲೆ ಕ್ಯಾಂಪು ಮುಟ್ಟಿದಾಗ
ಅವಳು ಬಸುರಿ.
ಜಿಗಣೆ ಕಚ್ಚಿದ ನನ್ನ ಕಾಲು ನೋಡಿ ಅಮ್ಮಿ ಕೇಳಿದಳು:
ಡಾಕ್ಟರ್ ಅಂತಾರಲ್ಲ ನಿನ್ನ,
ಯಾವ ಹಕ್ಕಿಗೆ ಜ್ವರ ಬಿಡಿಸಿದೆ?

ಆ ಕಾಡಲ್ಲಿ ಕಣ್ಣು ಬರೀ ಸಾಕ್ಷಿ, ಕಿವಿಯೇ ಆಳು.
ನೂರಡಿ ಮೇಲೆ, ಎಲೆಯ ಹಿಂದೆ ಯಾರಿದ್ದಾರೆಂದು
ದನಿಯಲ್ಲೇ ಹೇಳಬೇಕು.
ಹೇಳುತ್ತಿದ್ದೆ.
ಎಳೆಯ ಹುಡುಗರು ಪಂಥ ಕಟ್ಟಿ ಸೋಲುತ್ತಿದ್ದರು.

ಮೊದಲು ಹೋದದ್ದು ಬದನಿಕೆ ಹಕ್ಕಿ.
ಹೋದದ್ದು ಅಂದರೆ, ಹಕ್ಕಿ ಅಲ್ಲೇ ಇತ್ತು,
ಕೊಕ್ಕು ತೆರೆಯುತ್ತಿತ್ತು, ಗಂಟಲು ಅದುರುತ್ತಿತ್ತು,
ಸದ್ದು ಮಾತ್ರ ಯಾರೋ ತೆಗೆದಿಟ್ಟಿದ್ದರು.
ಎರಡು ವರ್ಷ ಯಾರಿಗೂ ಹೇಳಲಿಲ್ಲ.
ನನ್ನ ವರದಿಗಳಲ್ಲಿ ಸಣ್ಣ ಹಕ್ಕಿಗಳು ಕಡಿಮೆಯಾಗುತ್ತ ಬಂದವು.
ಅದನ್ನೋದಿ, ಗುವಾಹಟಿಯ ಸಭೆಯಲ್ಲಿ ಒಬ್ಬರು
ಕಾಡು ಹಾಳಾಗುತ್ತಿದೆ ಎಂದರು.
ತುಂಬ ವ್ಯಥೆಯಿಂದಲೇ ಎಂದರು.
ಮಾರನೆಯ ಬೆಳಿಗ್ಗೆ
ಎರಡು ವರ್ಷದ ಲೆಕ್ಕ ವಾಪಸು ಪಡೆದೆ.

ಚಿಕ್ಕಬಳ್ಳಾಪುರದ ಡಾಕ್ಟರು ಗ್ರಾಫ್ ತೋರಿಸಿದರು.
ನೆಟ್ಟಗೆ ಬಂದ ಗೆರೆ ಬಲಕ್ಕೆ ದಢಾರನೆ ಬಿದ್ದಿತ್ತು,
ಟಿಪ್ಪು ಡ್ರಾಪ್‌ನಿಂದ ಯಾರನ್ನೋ ತಳ್ಳಿದ ಹಾಗೆ.
ಚಿಕ್ಕಂದಿನಲ್ಲಿ ಮಿಷಿನ್ನಿನ ಪಕ್ಕ ಇದ್ದಿರಾ?
ಅನ್ನ ಹಾಕಿದ ಮಿಷಿನ್ನು ಸಾರ್, ಅಂದೆ.

ಈಗ ನನ್ನ ಮಳೆಕಾಡು ಇಷ್ಟೇ:
ನಂದಿಯ ನೆತ್ತಿಯಲ್ಲಿ, ಮೋಡ ಕೂರುವ ಕಡೆ,
ಪಾಚಿ ಹಿಡಿದ ಮರಗಳ ಒಂದು ಹಿಡಿ ಕತ್ತಲು.
ಕೆಳಗೆ ಸುತ್ತಲೂ ಬಂಡೆ, ದ್ರಾಕ್ಷಿ ಚಪ್ಪರ, ಒಣಗಾಳಿ.
ಘಟ್ಟದ ಕಾಡುಪಾರಿವಾಳ, ದಾರಿ ತಪ್ಪಿದ್ದೋ
ವಿಳಾಸ ಮರೆಯದ್ದೋ, ಇಲ್ಲಿ ಬಂದು ಗುಮ್ಮೆನ್ನುತ್ತದೆ.
ದಪ್ಪ ದನಿ. ಅದು ನನಗಿನ್ನೂ ಕೇಳುತ್ತದೆ.

ಸಣ್ಣವಕ್ಕೆ ಪಿಳ್ಳಮ್ಮ.
ತೋಟಗಾರಿಕೆ ಇಲಾಖೆಯ ದಿನಗೂಲಿ, ತರಗು ಗುಡಿಸುವವಳು,
ಸುಲ್ತಾನ್‌ಪೇಟೆಯ ಮೆಟ್ಟಿಲು ಹತ್ತಿ ಬರುತ್ತಾಳೆ.
ಕಸಬರಿಕೆ ನಿಲ್ಲಿಸಿ, ತಲೆ ಓರೆ ಮಾಡಿ ಹೇಳುತ್ತಾಳೆ:
"ಬಂಡೆ ಮೇಲೆ ಸೂಜಿ ಬಿತ್ತು. ಮೂರು ಸಲ."
ನಾನು ಬರೆಯುತ್ತೇನೆ: ಎಲೆ ಉಲಿಯಕ್ಕಿ, ಒಂದು.
"ಯಾರೋ ಬಳೆ ಒಡಕೊಂಡ್ಳು, ಆಮೇಲೆ ಬಿಕ್ಕಿದ್ಳು."
ಇದು ಯಾವುದು?
ಅರ್ಧ ಗಂಟೆ ಕಾದು ಕಣ್ಣಲ್ಲೇ ಹಿಡಿಯಬೇಕಾಯಿತು:
ಚಳಿಗೆ ಹಿಮಾಲಯದಿಂದ ಇಳಿದ ನೊಣಹಿಡುಕ.
ಕೇಳುತ್ತಿದ್ದ ಕಾಲದಲ್ಲಿ ಅದರ ದನಿಗೆ
ನಾನು ಬರೆದ ಮಾತು 'ಸಾಧಾರಣ'.

ನಿನ್ನೆ ಪುಸ್ತಕದಲ್ಲಿ ಹೊಸದೊಂದು ಗೀಟು ಎಳೆದೆ.
ಈಚೆ ನೋಡಿದವರು, ಆಚೆ ಕೇಳಿದವರು.
ಪೂರ್ತಿ ಹೆಸರೇನು ನಿನ್ನದು?
"ಪಿಳ್ಳವೆಂಕಟಮ್ಮ. ಯಾಕೆ, ಕೂಲಿ ಕಟ್ ಮಾಡಿಸ್ತೀರಾ?"
ಇಲ್ಲ ಅಂದೆ. ನಂಬಲಿಲ್ಲ.
ಗುಡಿಸುತ್ತ ಗುಡಿಸುತ್ತ ಅಷ್ಟು ದೂರ ಹೋದವಳು
ಥಟ್ಟನೆ ನಿಂತು, ನನ್ನತ್ತ ಕೈ ಎತ್ತಿದಳು,
ಉಸಿರು ಬಿಡಬೇಡ ಅನ್ನುವ ಹಾಗೆ.
ಮೋಡ ನಮ್ಮಿಬ್ಬರ ನಡುವೆ ಬಂತು.
ಪೆನ್ನಿನ ಮುಚ್ಚಳ ತೆಗೆದು ಕಾದೆ.